ಒಂದೇ ಮೈಕ್ರೋಸ್ಕೋಪು ಇದ್ದರೂ ಸಂಶೋಧನೆ ಆಗುತ್ತಾ?

ಪ್ರಶ್ನೆ: ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ ಒಂದು ಸಣ್ಣ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೇನೆ. ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಬಗ್ಗೆ ಸಂಶೋಧನೆ ಮಾಡಬೇಕು ಅಂತ ಬಹಳ ದಿನದ ಆಸೆ. ಇಲ್ಲಿರುವುದು ಒಂದು ಹಳೆಯ ಮೈಕ್ರೋಸ್ಕೋಪು, ಒಂದು ಸೆಂಟ್ರಿಫ್ಯೂಜು. ಪಿಸಿಆರ್ ಇಲ್ಲ, ಕರೆಂಟು ಆಗಾಗ ಕೈಕೊಡುತ್ತದೆ, ಅನುದಾನದ ಮಾತಂತೂ ದೂರ. ಇಂಥ ಕಡೆ ಕೂತು ಮಾಡಿದ ಕೆಲಸಕ್ಕೆ ಬೆಲೆ ಇರುತ್ತದಾ? ಇದ್ದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಬೆಲೆ ಇದೆ. ಆದರೆ ನಿಮ್ಮ ಪತ್ರದಲ್ಲಿ ಇಲ್ಲದ ಸಾಮಾನುಗಳ ಪಟ್ಟಿಯೇ ಉದ್ದವಾಗಿದೆ. ನಾನು ಹುಡುಕಿದ ಒಂದು ಮಾತು ಮಾತ್ರ ಅದರಲ್ಲಿ ಸಿಗಲಿಲ್ಲ: ನಿಮ್ಮಲ್ಲಿಗೆ ಬರುವ ರೋಗಿಗಳಿಗೆ ಎಲ್ಲಿ ತೊಡಕಾಗುತ್ತಿದೆ? ಕಾಯಿಲೆ ಗೊತ್ತಾಗುವುದೇ ತಡವಾಗುತ್ತಿದೆಯಾ? ಮಾತ್ರೆ ಸಿಗುತ್ತಿಲ್ಲವಾ? ಸಿಕ್ಕರೂ ಅರ್ಧಕ್ಕೇ ಬಿಡುತ್ತಿದ್ದಾರಾ? ಈ ಕ್ಷೇತ್ರದಲ್ಲಿ ನಾನು ಮೆಚ್ಚಿದ ಕೆಲಸಗಳೆಲ್ಲ ಇಂಥ ಒಂದು ತೊಡಕನ್ನು ಹಿಡಿದುಕೊಂಡೇ ಹೊರಟವು. ಯಂತ್ರ ಆಮೇಲೆ ಬಂತು. ಕೆಲವು ಸಲ ಬರಲೇ ಇಲ್ಲ.

ಮೊದಲು ಈ 'ನಿರ್ಲಕ್ಷಿತ' ಅನ್ನುವ ಹೆಸರಿನ ಬಗ್ಗೆ ಒಂದೆರಡು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಈಗ 21 ಕಾಯಿಲೆ ಅಥವಾ ಕಾಯಿಲೆಗಳ ಗುಂಪುಗಳಿವೆ. 2023ರ ಡಿಸೆಂಬರಿನಲ್ಲಿ ಮಕ್ಕಳ ಬಾಯಿ, ಕೆನ್ನೆಯನ್ನು ಕೊಳೆಸುವ ನೋಮಾ ಸೇರಿತು. ಕುಷ್ಠ, ಆನೆಕಾಲು, ಮರಳುನೊಣ ಕಚ್ಚಿ ಬರುವ ಕಾಲಾ ಅಜಾರ್ ಜ್ವರ, ಜಂತುಹುಳು, ಕಣ್ಣಿನ ಸೋಂಕಾದ ಟ್ರಕೋಮಾ, ಹುಚ್ಚುನಾಯಿ ರೋಗ, ಡೆಂಗಿ, ಕಜ್ಜಿ, ಹಾವು ಕಡಿತ ಎಲ್ಲವೂ ಅದೇ ಪಟ್ಟಿಯಲ್ಲಿವೆ. ಹಾವಿಗೂ ಹುಳಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ರೋಗಿಯ ಜೇಬು ಖಾಲಿ, ಅದೊಂದೇ ಸಂಬಂಧ. ಪ್ರಪಂಚದಲ್ಲಿ 100 ಕೋಟಿಗೂ ಜಾಸ್ತಿ ಜನರಿಗೆ ಇವುಗಳಲ್ಲಿ ಒಂದಲ್ಲ ಒಂದು ಅಂಟಿಕೊಂಡಿದೆ. ಹೀಗಿದ್ದೂ 1975ರಿಂದ 1999ರವರೆಗೆ ಮಾರುಕಟ್ಟೆಗೆ ಬಂದ 1,393 ಹೊಸ ಔಷಧಗಳಲ್ಲಿ ಉಷ್ಣವಲಯದ ಕಾಯಿಲೆಗಳು ಮತ್ತು ಕ್ಷಯ, ಎರಡಕ್ಕೂ ಸೇರಿ ಸಿಕ್ಕಿದ್ದು ಬರೀ 16.

ಎಫ್ಲಾರ್ನಿಥಿನ್ ಅನ್ನುವ ಔಷಧದ ಕಥೆ ಕೇಳಿ. ಆಫ್ರಿಕಾದ ನಿದ್ರಾ ರೋಗದಲ್ಲಿ ಪ್ರಜ್ಞೆ ತಪ್ಪಿ ಬಿದ್ದವರನ್ನೂ ಅದು ಎಬ್ಬಿಸಿ ಕೂರಿಸುತ್ತಿತ್ತು. ಕೊಳ್ಳುವ ಶಕ್ತಿ ಇರುವ ಗಿರಾಕಿಗಳಿಲ್ಲ ಅಂತ 1990ರ ದಶಕದಲ್ಲಿ ತಯಾರಿಕೆ ನಿಂತುಹೋಯಿತು. ಆಮೇಲೆ ಅದೇ ರಾಸಾಯನಿಕ ಬೇರೆ ವೇಷದಲ್ಲಿ ಬಂತು, ಹೆಂಗಸರ ಮುಖದ ಮೇಲೆ ಕೂದಲು ಬೆಳೆಯದಂತೆ ತಡೆಯುವ ಕ್ರೀಮಾಗಿ! ಗಲಾಟೆಯೆದ್ದು, 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಜತೆ ಒಪ್ಪಂದವಾಗಿ, ರೋಗಿಗಳಿಗೆ ಅದು ಮತ್ತೆ ಸಿಗತೊಡಗಿತು. ನಿರ್ಲಕ್ಷ್ಯ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಈ ಕ್ರೀಮಿನ ಕಥೆ ಹೇಳಿ ಸುಮ್ಮನಾಗುತ್ತೇನೆ.

ನಿದ್ರಾ ರೋಗದಲ್ಲೇ ಇನ್ನೂ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ತ್ಸೆತ್ಸೆ ನೊಣ ಕಚ್ಚಿ ಬರುವ ಈ ಕಾಯಿಲೆಯ ಪರಾವಲಂಬಿ ಮೊದಲು ರಕ್ತದಲ್ಲಿರುತ್ತದೆ, ಆಮೇಲೆ ಮಿದುಳಿಗೆ ಹೋಗುತ್ತದೆ. ಹಂತ ಯಾವುದು ಅಂತ ತಿಳಿಯಲು ಪ್ರತಿಯೊಬ್ಬ ರೋಗಿಯ ಬೆನ್ನಿಗೂ ಸೂಜಿ ಹಾಕಿ ನೀರು ತೆಗೆಯಬೇಕಿತ್ತು. ಮಿದುಳಿಗೆ ಹೋಗಿದ್ದರೆ ಮೆಲಾರ್ಸೊಪ್ರಾಲ್ ಕೊಡುತ್ತಿದ್ದರು. ಅದು ಪಾಷಾಣದಿಂದ ಮಾಡಿದ ಔಷಧ. ನರದೊಳಗೆ ಬೆಂಕಿ ಹರಿದಂತಾಗುತ್ತದೆ ಅಂತ ರೋಗಿಗಳು ಅಳುತ್ತಿದ್ದರು. ನೂರರಲ್ಲಿ ಸುಮಾರು ಐದು ಮಂದಿ ಕಾಯಿಲೆಯಿಂದಲ್ಲ, ಆ ಔಷಧದಿಂದಲೇ ಸಾಯುತ್ತಿದ್ದರು. 2009ರಲ್ಲಿ ಬಂದ ಚಿಕಿತ್ಸೆ ಎಷ್ಟೋ ವಾಸಿ: ಎಫ್ಲಾರ್ನಿಥಿನ್ ಡ್ರಿಪ್ಪು, ಜತೆಗೆ ನಿಫರ್ಟಿಮಾಕ್ಸ್ ಮಾತ್ರೆ. ಆದರೆ ದಿನಕ್ಕೆರಡರಂತೆ ಏಳು ದಿನ, ಒಟ್ಟು 14 ಡ್ರಿಪ್ಪು. ಕಾಂಗೋದ ಒಳನಾಡಿನಲ್ಲಿ ದಾರಿಯೇ ಇಲ್ಲದ ಹಳ್ಳಿಗೆ ಅಷ್ಟು ಬಾಟಲಿ, ಸೂಜಿ, ನಳಿಕೆ ಹೊತ್ತುಕೊಂಡು ಹೋಗುವವರು ಯಾರು? ಏಳು ದಿನ ಪಕ್ಕದಲ್ಲಿ ನಿಲ್ಲುವ ನರ್ಸು ಎಲ್ಲಿ?

ಆಗ ಸಂಶೋಧಕರ ಮುಂದಿದ್ದ ಪ್ರಶ್ನೆ 'ಇನ್ನೂ ಬಲವಾದ ಔಷಧ ಯಾವುದು' ಅಂತ ಇರಲಿಲ್ಲ. 'ಬೆನ್ನಿಗೆ ಸೂಜಿಯೂ ಬೇಡ, ಕೈಗೆ ಡ್ರಿಪ್ಪೂ ಬೇಡ, ಹಾಗೆ ಆಗುತ್ತದಾ' ಅಂತ ಕೇಳಿಕೊಂಡರು. 2003ರಲ್ಲಿ ಶುರುವಾದ ಡಿಎನ್‌ಡಿಐ ಅನ್ನುವ ಲಾಭರಹಿತ ಸಂಸ್ಥೆ ಹಳೆಯ ರಾಸಾಯನಿಕಗಳ ರಾಶಿ ಜಾಲಾಡಿತು. ಒಂದು ಕಂಪನಿ ದಶಕಗಳ ಹಿಂದೆ ಮಾಡಿ ಮೂಲೆಗೆ ಹಾಕಿದ್ದ ಫೆಕ್ಸಿನಿಡಜೋಲ್ ಸಿಕ್ಕಿತು. ಅದರ ಮುಖ್ಯ ಪ್ರಯೋಗ ನಡೆದದ್ದು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ ಮತ್ತು ಮಧ್ಯ ಆಫ್ರಿಕಾ ಗಣರಾಜ್ಯದಲ್ಲಿ, 394 ರೋಗಿಗಳ ಮೇಲೆ. ಅಂದರೆ ಕರೆಂಟಿಲ್ಲದ, ರಸ್ತೆಯಿಲ್ಲದ, ಆಗಾಗ ಗುಂಡಿನ ಸದ್ದು ಕೇಳುವ ಜಾಗಗಳಲ್ಲಿ. 2018ರಲ್ಲಿ ಮಂಜೂರಾಯಿತು. ಈಗ ಬಹುಪಾಲು ರೋಗಿಗಳು 10 ದಿನ ಊಟದ ಜತೆ ಮಾತ್ರೆ ನುಂಗಿದರೆ ಆಯಿತು. 'ಊಟದ ಜತೆ' ಅನ್ನುವುದು ಚಿಕ್ಕ ಮಾತಲ್ಲ. ಹೊಟ್ಟೆಯಲ್ಲಿ ಅನ್ನವಿಲ್ಲದಿದ್ದರೆ ಔಷಧ ಸರಿಯಾಗಿ ರಕ್ತಕ್ಕೆ ಇಳಿಯುವುದಿಲ್ಲ. ಅದಕ್ಕೇ ನರ್ಸು ಮೊದಲು ಕೇಳಬೇಕಾದ ಪ್ರಶ್ನೆ 'ಊಟ ಆಯ್ತಾ' ಅಂತ. 1998ರಲ್ಲಿ ವರದಿಯಾದ ರೋಗಿಗಳು 40,000ದ ಹತ್ತಿರ ಇದ್ದರು. 2018ರ ಹೊತ್ತಿಗೆ ಸಾವಿರಕ್ಕಿಂತ ಕಡಿಮೆ. ಈ ಇಳಿತಕ್ಕೆ ಹಳ್ಳಿಹಳ್ಳಿ ಸುತ್ತಿ ರಕ್ತ ನೋಡಿದ ತಂಡಗಳು ದೊಡ್ಡ ಕಾರಣ. ಹೊಸ ಮಾತ್ರೆ ಬಂದದ್ದು ಕೊನೆಯ ಸುತ್ತಿನಲ್ಲಿ.

ಇದೆಲ್ಲ ದೊಡ್ಡ ಸಂಸ್ಥೆಗಳ ಕೆಲಸ, ನನಗೇನು ಅಂತ ಅನ್ನಿಸಬಹುದು. ಹಾಗಾದರೆ ಒಂದು ಕೋಲಿನ ಕಥೆ ಹೇಳುತ್ತೇನೆ.

ನದಿ ಕುರುಡು ಅನ್ನುವ, ಹುಳದಿಂದ ಬರುವ ಕಾಯಿಲೆಗೆ ಐವರ್‌ಮೆಕ್ಟಿನ್ ಮಾತ್ರೆಯನ್ನು 1987ರಿಂದ ಮರ್ಕ್ ಕಂಪನಿ ಪುಕ್ಕಟೆ ಕೊಡುತ್ತಿದೆ. ಎಷ್ಟು ಮಾತ್ರೆ ಕೊಡಬೇಕು ಅನ್ನುವುದು ತೂಕದ ಮೇಲೆ ನಿಂತಿದೆ. ಊರೂರಿಗೆ ತಕ್ಕಡಿ ಹೊರುವುದು ಯಾರು? ಹೊತ್ತರೂ ಮಣ್ಣಿನ ನೆಲದ ಮೇಲೆ ಅದು ಒಂದೊಂದು ಸಲ ಒಂದೊಂದು ತೂಕ ತೋರಿಸುತ್ತದೆ. ಆಗ ಯಾರೋ ಎತ್ತರ ಮತ್ತು ತೂಕದ ಲೆಕ್ಕ ಕೂಡಿಸಿ ನೋಡಿದರು. ಸಾಕಷ್ಟು ಹೊಂದಿಕೆಯಾಯಿತು. ಈಗ ಮಾತ್ರೆ ಹಂಚುವವರ ಕೈಯಲ್ಲಿ ಗುರುತು ಹಾಕಿದ ಒಂದು ಕೋಲು ಇರುತ್ತದೆ. 90 ಸೆಂಟಿಮೀಟರಿಗಿಂತ ಕುಳ್ಳಗಿರುವ ಮಗುವಿಗೆ ಮಾತ್ರೆ ಇಲ್ಲ. 119ರವರೆಗೆ ಒಂದು, 140ರವರೆಗೆ ಎರಡು, 158ರವರೆಗೆ ಮೂರು, ಅದಕ್ಕಿಂತ ಎತ್ತರದವರಿಗೆ ನಾಲ್ಕು. ಓದು ಬರಹ ಬಾರದವರೂ ಹಂಚಬಹುದು. ಕೋಟ್ಯಂತರ ಜನರಿಗೆ ಔಷಧ ತಲುಪಿದ್ದು ಈ ಕೋಲಿನಿಂದ. ಇದು ಸಂಶೋಧನೆ ಅಲ್ವಾ?

ಅದೇ ಮಾತ್ರೆಗೆ ಇನ್ನೊಂದು ತೊಡಕಿತ್ತು. ಮಧ್ಯ ಆಫ್ರಿಕಾದಲ್ಲಿ ಕೆಲವರ ರಕ್ತದಲ್ಲಿ ಲೋವಾ ಲೋವಾ ಅನ್ನುವ ಬೇರೆ ಹುಳದ ಮರಿಗಳು ವಿಪರೀತ ಇರುತ್ತವೆ. ಅಂಥವರಿಗೆ ಐವರ್‌ಮೆಕ್ಟಿನ್ ಕೊಟ್ಟರೆ ಮಿದುಳಿಗೆ ಪೆಟ್ಟಾಗಿ ಕೋಮಾ, ಸಾವು ಆಗಬಹುದು. ಕ್ಯಾಮರೂನಿನ ಒಕೋಲಾ ಎಂಬ ಕಡೆ ಹೀಗೆ ಸಾವುಗಳಾಗಿ ಹಂಚಿಕೆಯೇ ನಿಂತುಹೋಗಿತ್ತು. ಅಲ್ಲಿಗೆ ಸಂಶೋಧಕರು ಮೊಬೈಲ್ ಫೋನಿಗೆ ಜೋಡಿಸುವ ಒಂದು ಪುಟ್ಟ ಮೈಕ್ರೋಸ್ಕೋಪು ತಂದರು. ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದು ಒಳಗಿಟ್ಟರೆ ಫೋನು ಸಣ್ಣ ವಿಡಿಯೋ ತೆಗೆಯುತ್ತದೆ. ಹುಳದ ಮರಿ ಒದ್ದಾಡುವಾಗ ಸುತ್ತಲಿನ ರಕ್ತಕಣಗಳು ಅಲುಗುತ್ತವಲ್ಲ, ಆ ಅಲುಗಾಟದಿಂದಲೇ ಎಣಿಸುತ್ತದೆ. ಬಣ್ಣ ಹಾಕುವುದು ಬೇಡ, ಲ್ಯಾಬು ಬೇಡ, ಎರಡು ಮೂರು ನಿಮಿಷ ಸಾಕು. 16,000ಕ್ಕೂ ಜಾಸ್ತಿ ಜನರನ್ನು ಹೀಗೆ ನೋಡಿದರು. ಲೋವಾ ಜಾಸ್ತಿ ಅಂತ ಮಾತ್ರೆ ತಡೆಹಿಡಿದದ್ದು ನೂರಕ್ಕೆ ಸುಮಾರು ಇಬ್ಬರಿಗೆ. ಉಳಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಮಾತ್ರೆ ತೆಗೆದುಕೊಂಡರು, ಮಿದುಳಿನ ತೊಂದರೆ ಒಬ್ಬರಿಗೂ ಆಗಲಿಲ್ಲ. ಫಲಿತಾಂಶ 2017ರಲ್ಲಿ ಅಚ್ಚಾಯಿತು.

ಈಗ ನಿಮ್ಮ ಮೈಕ್ರೋಸ್ಕೋಪಿಗೆ ಬರೋಣ. ಜಂತುಹುಳುಗಳ ಕೆಲಸಕ್ಕೆ ಇವತ್ತಿಗೂ ಪ್ರಪಂಚದ ಮಾಪನ ಕಾಟೋ-ಕಾಟ್ಸ್ ವಿಧಾನವೇ. ಜಪಾನಿನಲ್ಲಿ 1954ರಲ್ಲಿ ಹುಟ್ಟಿ, 1972ರಲ್ಲಿ ಬ್ರೆಜಿಲ್‌ನಲ್ಲಿ ಪಳಗಿದ್ದು. ಮಲದ ಸ್ಯಾಂಪಲ್ಲನ್ನು ನೈಲಾನ್ ಜಾಲರಿಯಲ್ಲಿ ಒತ್ತಿ ಜರಡಿ ಹಿಡಿಯಬೇಕು. ತೂತಿರುವ ಒಂದು ಪ್ಲಾಸ್ಟಿಕ್ ಪಟ್ಟಿಯನ್ನು ಸ್ಲೈಡಿನ ಮೇಲಿಟ್ಟು ತೂತು ತುಂಬಿಸಿ, ಪಟ್ಟಿಯನ್ನು ಮೆಲ್ಲಗೆ ಎತ್ತಬೇಕು. ಸ್ಲೈಡಿನ ಮೇಲೆ ಒಂದು ಪುಟ್ಟ ಗುಡ್ಡೆ ಉಳಿಯುತ್ತದೆ. ಆ ತೂತಿನ ಅಳತೆ 41.7 ಮಿಲಿಗ್ರಾಂ ಹಿಡಿಯುವಂತೆ ಇರುತ್ತದೆ. ಅದರ ಮೇಲೆ ಗ್ಲಿಸರಿನ್ ಮತ್ತು ಮ್ಯಾಲಕೈಟ್ ಗ್ರೀನ್‌ನಲ್ಲಿ ಒಂದು ದಿನ ನೆನೆಸಿಟ್ಟ ಸೆಲೋಫೇನ್ ತುಂಡು ಹಾಕಿ, ಸ್ಲೈಡನ್ನು ಮಗುಚಿ ಸಮವಾಗಿ ಒತ್ತಿದರೆ ಮುಗಿಯಿತು. ಗ್ಲಿಸರಿನ್ ಮೆಲ್ಲಗೆ ಎಲ್ಲವನ್ನೂ ಪಾರದರ್ಶಕ ಮಾಡುತ್ತದೆ, ಮೊಟ್ಟೆಗಳು ಎದ್ದು ಕಾಣುತ್ತವೆ. ಎಣಿಸಿ 24ರಿಂದ ಗುಣಿಸಿದರೆ ಒಂದು ಗ್ರಾಂ ಮಲದಲ್ಲಿ ಎಷ್ಟು ಮೊಟ್ಟೆ ಅಂತ ಸಿಗುತ್ತದೆ.

ಇದರಲ್ಲೇ ನಾನು ಒಮ್ಮೆ ಚೆನ್ನಾಗಿ ಎಡವಿದ್ದೇನೆ. ನನ್ನ ಮೊದಲ ಸರ್ವೆ. ಬೆಳಗ್ಗೆ ಶಾಲೆಯಲ್ಲಿ ಡಬ್ಬಿ ಕೂಡಿಸಿ, ಅಲ್ಲೇ ಸ್ಲೈಡು ಮಾಡಿ, ನೀಟಾಗಿ ಪೆಟ್ಟಿಗೆಯಲ್ಲಿ ಜೋಡಿಸಿಕೊಂಡು ಬಂದು, ಸಂಜೆ ಕರೆಂಟು ಬಂದ ಮೇಲೆ ಓದಲು ಕೂತೆವು. ದುಂಡುಹುಳದ ಮೊಟ್ಟೆ ಸಿಕ್ಕವು, ಚಾಟಿಹುಳದ್ದೂ ಸಿಕ್ಕವು. ಕೊಕ್ಕೆಹುಳದ್ದು ಒಂದೂ ಇಲ್ಲ. 'ಈ ಭಾಗದಲ್ಲಿ ಕೊಕ್ಕೆಹುಳ ಇಲ್ಲ' ಅಂತ ಬರೆದೂ ಬಿಟ್ಟೆವು. ಹಿರಿಯ ಟೆಕ್ನೀಷಿಯನ್ ಒಬ್ಬರು ವರದಿ ನೋಡಿ, 'ಸ್ಲೈಡು ಮಾಡಿದ್ದು ಎಷ್ಟು ಹೊತ್ತಿಗೆ, ಓದಿದ್ದು ಎಷ್ಟು ಹೊತ್ತಿಗೆ?' ಅಂತ ಎರಡೇ ಪ್ರಶ್ನೆ ಕೇಳಿದರು. ಕೊಕ್ಕೆಹುಳದ ಮೊಟ್ಟೆಯ ಚಿಪ್ಪು ತೆಳು. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಓದದಿದ್ದರೆ ಗ್ಲಿಸರಿನ್ ಅದನ್ನೂ ಪಾರದರ್ಶಕ ಮಾಡಿ ಕಣ್ಣಿಗೆ ಕಾಣದಂತೆ ಮಾಡುತ್ತದೆ. ಪುಸ್ತಕದಲ್ಲಿ ಇದು ಇತ್ತು. ಓದಿದ್ದೆವು ಕೂಡ. ಕರೆಂಟಿಗೆ ಕಾದದ್ದೇ ತಪ್ಪಾಯಿತು. ಆಮೇಲಿಂದ ಕನ್ನಡಿ ಇರುವ ಹಳೆಯ ಮೈಕ್ರೋಸ್ಕೋಪನ್ನು ಶಾಲೆಗೇ ಹೊತ್ತುಕೊಂಡು ಹೋಗಿ ಕಿಟಕಿ ಪಕ್ಕ ಇಟ್ಟೆವು. ನೇರ ಬಿಸಿಲಿಗೆ ತಿರುಗಿಸಬಾರದು, ಕಣ್ಣಿಗೆ ಅಪಾಯ. ಆಕಾಶದ ಬೆಳಕು ಸಾಕು. ಹಾಗಾಗಿ ನಿಮ್ಮ ಹಳೆಯದು ಕನ್ನಡಿಯದ್ದಾಗಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ.

ಹೊತ್ತಿನ ಮಾತು ಬಂದಿದ್ದಕ್ಕೆ ಇನ್ನೊಂದು. ಆನೆಕಾಲು ರೋಗದ ಹುಳದ ಮರಿಗಳು ಬಹುತೇಕ ಕಡೆ ಹಗಲಲ್ಲಿ ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿ, ರಾತ್ರಿ ಹತ್ತರಿಂದ ಎರಡರ ನಡುವೆ ಹೊರಗಿನ ರಕ್ತಕ್ಕೆ ಬರುತ್ತವೆ. ಸೊಳ್ಳೆ ಕಚ್ಚುವ ಹೊತ್ತಿಗೆ ಸರಿಯಾಗಿ! ಹಾಗಾಗಿ ಸರ್ವೆ ತಂಡದವರು ಟಾರ್ಚು ಹಿಡಿದು ನಿದ್ದೆಯಲ್ಲಿರುವವರ ಬಾಗಿಲು ತಟ್ಟಿ ಬೆರಳು ಚುಚ್ಚಬೇಕು. ಬೈಸಿಕೊಳ್ಳದೆ ಬಂದ ತಂಡವನ್ನು ನಾನು ಕಂಡಿಲ್ಲ. ಆಮೇಲೆ ಹಗಲಲ್ಲೂ ಮಾಡಬಹುದಾದ ಪಟ್ಟಿ ಟೆಸ್ಟು ಬಂತು. ಅದರಲ್ಲೂ ಗಡಿಯಾರ ಬೇಕು: ಹತ್ತು ನಿಮಿಷಕ್ಕೆ ಸರಿಯಾಗಿ ಓದಬೇಕು. ಹರಟೆ ಹೊಡೆಯುತ್ತಾ ಅರ್ಧ ಗಂಟೆ ಬಿಟ್ಟರೆ ಇಲ್ಲದ ಗೆರೆ ಮೂಡಿ, ಆರೋಗ್ಯವಾಗಿರುವವರೂ ರೋಗಿಗಳ ಲೆಕ್ಕಕ್ಕೆ ಬೀಳುತ್ತಾರೆ. ನಿಮ್ಮ ಲ್ಯಾಬಿಗೆ ಮೊದಲು ತರಬೇಕಾದ ಉಪಕರಣ ಯಾವುದು ಅಂತ ಕೇಳಿದರೆ, ಒಂದು ಟೈಮರ್ ಅನ್ನುತ್ತೇನೆ.

ಲೆಕ್ಕದ ವಿಷಯಕ್ಕೆ ಬರುತ್ತೇನೆ. ಜನ ಎಡವುವುದು ಇಲ್ಲೇ ಜಾಸ್ತಿ, ಇದಕ್ಕೆ ಪೆನ್ನು ಕಾಗದ ಸಾಕು.

300 ಜನರನ್ನು ನೋಡಿದಿರಿ, ಒಬ್ಬರಲ್ಲೂ ಕಾಯಿಲೆ ಸಿಗಲಿಲ್ಲ ಅಂದುಕೊಳ್ಳಿ. ಊರಿನಲ್ಲಿ ಕಾಯಿಲೆ ಇಲ್ಲ ಅಂತ ಬರೆಯಬಹುದಾ? ಸೊನ್ನೆ ಬಂದಾಗ ಒಂದು ಸುಲಭ ಸೂತ್ರ ಇದೆ: ಮೂರನ್ನು ನೋಡಿದವರ ಸಂಖ್ಯೆಯಿಂದ ಭಾಗಿಸಿ. ಮೂರನ್ನು 300ರಿಂದ ಭಾಗಿಸಿದರೆ ನೂರಕ್ಕೆ ಒಂದು. ಅಂದರೆ ನೂರಕ್ಕೆ ಒಬ್ಬರವರೆಗೆ ರೋಗಿಗಳಿದ್ದರೂ ನಿಮ್ಮ ಸರ್ವೆಯಲ್ಲಿ ಸೊನ್ನೆ ಬರುವ ಸಾಧ್ಯತೆ ಇದೆ. 'ಇಲ್ಲ' ಅನ್ನುವುದಕ್ಕೂ 'ನೂರಕ್ಕೆ ಒಂದಕ್ಕಿಂತ ಜಾಸ್ತಿ ಇರಲಾರದು' ಅನ್ನುವುದಕ್ಕೂ ವ್ಯತ್ಯಾಸ ದೊಡ್ಡದು.

ಇನ್ನೊಂದು, ಕಾಯಿಲೆ ಕಡಿಮೆಯಾಗುತ್ತಾ ಬಂದ ಹಾಗೆ ಒಳ್ಳೆಯ ಟೆಸ್ಟೂ ಸುಳ್ಳು ಹೇಳತೊಡಗುತ್ತದೆ. 1,000 ಜನರಲ್ಲಿ 10 ಮಂದಿಗೆ ಸೋಂಕಿದೆ. ನಿಮ್ಮ ಟೆಸ್ಟು ನೂರರಲ್ಲಿ 90 ರೋಗಿಗಳನ್ನು ಹಿಡಿಯುತ್ತದೆ, ಸೋಂಕಿಲ್ಲದ ನೂರರಲ್ಲಿ 98 ಮಂದಿಗೆ 'ಇಲ್ಲ' ಅಂತ ಸರಿಯಾಗಿ ಹೇಳುತ್ತದೆ. ಕೇಳಲು ಭರ್ಜರಿಯಾಗಿದೆ, ಅಲ್ವಾ? ಈಗ ಕೂಡಿಸಿ. ನಿಜವಾದ 10ರಲ್ಲಿ 9 ಸಿಕ್ಕವು. ಉಳಿದ 990 ಜನರಲ್ಲಿ ನೂರಕ್ಕೆ ಎರಡರಂತೆ ಸುಮಾರು 20 ಮಂದಿಗೆ ಸುಳ್ಳು ಪಾಸಿಟಿವ್. ಒಟ್ಟು 29 ಪಾಸಿಟಿವ್‌ನಲ್ಲಿ 20 ಸುಳ್ಳು! ಕಾಯಿಲೆ ತುಂಬಿರುವ ಊರಿನಲ್ಲಿ ಚೆನ್ನಾಗಿ ನಡೆದ ಟೆಸ್ಟು, ಅದು ಹೋಗುತ್ತಾ ಬಂದ ಊರಿನಲ್ಲಿ ಕೈಕೊಡುವುದು ಹೀಗೆ. ಅದಕ್ಕೇ ಒಂದು ಟೆಸ್ಟಿನಲ್ಲಿ ಪಾಸಿಟಿವ್ ಬಂದವರಿಗೆ ಬೇರೆ ತರಹದ ಎರಡನೆಯ ಟೆಸ್ಟು ಮಾಡುತ್ತಾರೆ.

ಮೂರನೆಯದು ಊರುಗಳ ಲೆಕ್ಕ. ಒಂದೇ ಕೆರೆಯ ನೀರಿಗಿಳಿಯುವವರಿಗೆ ಒಂದೇ ತರಹದ ಹುಳ. 25 ಹಳ್ಳಿಗಳಲ್ಲಿ ತಲಾ 40 ಜನರನ್ನು ನೋಡಿ '1,000 ಜನರ ಅಧ್ಯಯನ' ಅಂದರೆ, ಆ 40 ಜನ ಒಬ್ಬರನ್ನೊಬ್ಬರು ಹೋಲುತ್ತಾರೆ ಅನ್ನುವುದನ್ನು ಮರೆತ ಹಾಗಾಯಿತು. ಈ ಹೋಲಿಕೆಗೆ ಒಂದು ಅಳತೆ ಇದೆ. ಅದು 0.05 ಅಂದುಕೊಂಡರೆ, ಒಂದಕ್ಕೆ 39 (40ರಲ್ಲಿ ಒಂದು ಕಳೆದದ್ದು) ಗುಣಿಸು 0.05 ಕೂಡಿಸಿ: 2.95. 1,000ವನ್ನು ಇದರಿಂದ ಭಾಗಿಸಿ. ನಿಮ್ಮ 1,000 ಜನ ನಿಜಕ್ಕೂ 339 ಜನರಷ್ಟೇ ಮಾಹಿತಿ ಕೊಡುತ್ತಾರೆ. ಅದೇ 1,000 ಜನರನ್ನು 100 ಹಳ್ಳಿಗಳಲ್ಲಿ ಹತ್ತು ಹತ್ತರಂತೆ ಹಂಚಿದರೆ 690ರಷ್ಟು ಸಿಗುತ್ತದೆ. ಓಡಾಟ ಜಾಸ್ತಿ, ಖರ್ಚೂ ಜಾಸ್ತಿ, ನಿಜ. ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ ಎಲ್ಲಿ ಖರ್ಚು ಮಾಡಬೇಕು ಅನ್ನುವುದನ್ನು ಈ ಲೆಕ್ಕ ಮೊದಲೇ ಹೇಳುತ್ತದೆ. ಸರ್ವೆ ಮುಗಿದ ಮೇಲೆ ಸಂಖ್ಯಾಶಾಸ್ತ್ರದವರ ಬಳಿ ಓಡುವವರೇ ಹೆಚ್ಚು. ಆಗ ಅವರು ಪಾಪ ಏನು ತಾನೇ ಮಾಡಿಯಾರು?

ಬೇರೆ ಕಡೆ ನಡೆದ ಅಧ್ಯಯನ ಇರುವಾಗ ನಾನು ಇಲ್ಲಿ ಮತ್ತೆ ಮಾಡುವುದು ಯಾಕೆ ಅನ್ನುವ ಅನುಮಾನವೂ ನಿಮಗೆ ಬರಬಹುದು. ಕಾಲಾ ಅಜಾರ್ ನೋಡಿ. ಲೈಪೋಸೋಮಲ್ ಆಂಫೊಟೆರಿಸಿನ್ ಒಂದೇ ಡೋಸು, ಕೆಜಿಗೆ 10 ಮಿಲಿಗ್ರಾಂ. ಬಿಹಾರದಲ್ಲಿ ನಡೆದು 2010ರಲ್ಲಿ ಅಚ್ಚಾದ ಪ್ರಯೋಗದಲ್ಲಿ ನೂರಕ್ಕೆ 95 ಜನ ವಾಸಿಯಾದರು. ದಕ್ಷಿಣ ಏಷ್ಯಾದಲ್ಲಿ ಈ ಕಾಯಿಲೆ ಇಳಿದುದರಲ್ಲಿ ಆ ಒಂದು ಡೋಸಿನ ಪಾಲು ದೊಡ್ಡದು. 2023ರಲ್ಲಿ ಬಾಂಗ್ಲಾದೇಶ ಕಾಲಾ ಅಜಾರನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯ ಮಟ್ಟದಿಂದ ಕೆಳಗಿಳಿಸಿದ ಮೊದಲ ದೇಶವಾಯಿತು. ಅದೇ ಔಷಧ, ಅದೇ ಡೋಸು, ಅದೇ ಜಾತಿಯ ಪರಾವಲಂಬಿ. ಪೂರ್ವ ಆಫ್ರಿಕಾದಲ್ಲಿ ಪ್ರಯತ್ನಿಸಿದರೆ ವಾಸಿಯಾದವರು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಂದಿ ಅಷ್ಟೆ. ರಕ್ತದ ಹನಿಯಲ್ಲಿ ನೋಡುವ ಆರ್‌ಕೆ39 ಪಟ್ಟಿ ಟೆಸ್ಟು ಕೂಡ ಹಾಗೆಯೇ, ಇಲ್ಲಿ ನಂಬಬಹುದಾದಷ್ಟು ಅಲ್ಲಿ ನಂಬುವ ಹಾಗಿಲ್ಲ. 'ಈಗಾಗಲೇ ಸಾಬೀತಾಗಿದೆ' ಅಂತ ಯಾರಾದರೂ ಹೇಳಿದರೆ 'ಎಲ್ಲಿ?' ಅಂತ ಕೇಳಿ.

ಎಷ್ಟು ದಿನ ಕಾದು ನೋಡಿದರು ಅಂತಲೂ ಕೇಳಿ. ಪಪುವಾ ನ್ಯೂಗಿನಿಯ ಲಿಹಿರ್ ದ್ವೀಪದಲ್ಲಿ ಯಾಸ್ ಅನ್ನುವ ಚರ್ಮದ ಕಾಯಿಲೆಗೆ ಇಡೀ ಜನಕ್ಕೆ ಅಜಿತ್ರೊಮೈಸಿನ್ ಮಾತ್ರೆ ಕೊಟ್ಟರು. ಒಂದು ವರ್ಷದಲ್ಲಿ ಕಾಯಿಲೆ ನೆಲಕಚ್ಚಿತು, ಎಲ್ಲರಿಗೂ ಖುಷಿ. ಅದೇ ತಂಡ ಮೂರೂವರೆ ವರ್ಷದವರೆಗೆ ಬಿಡದೆ ನೋಡಿತು. ಕಾಯಿಲೆ ಮೆಲ್ಲಗೆ ಮರಳಿತ್ತು. ಕೆಲವರಲ್ಲಿ ಔಷಧಕ್ಕೆ ಬಗ್ಗದ ರೋಗಾಣುವೂ ಕಾಣಿಸಿಕೊಂಡಿತ್ತು. ಅದನ್ನೂ ಮುಚ್ಚಿಡದೆ ಅಚ್ಚು ಹಾಕಿಸಿದರು. ಮೊದಲ ವರದಿಗಿಂತ ಈ ಎರಡನೆಯದರ ಮೇಲೆ ನನಗೆ ಗೌರವ ಜಾಸ್ತಿ.

ಇನ್ನು ಒಪ್ಪಿಗೆಯ ವಿಷಯ. ಫಾರಂ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡ ಮಾತ್ರಕ್ಕೆ ಒಪ್ಪಿಗೆ ಆಗುವುದಿಲ್ಲ. ಓದಲು ಬಾರದವರಿಗೆ ತಂಡಕ್ಕೆ ಸೇರದ ಒಬ್ಬ ಸಾಕ್ಷಿ ಪಕ್ಕದಲ್ಲಿ ಇರಬೇಕು, ಓದಿ ಹೇಳಿದ್ದು ನಿಜ ಅಂತ ಅವರೂ ಸಹಿ ಹಾಕಬೇಕು. ನಾನು ಒಂದು ಕೆಲಸ ಮಾಡುತ್ತೇನೆ: ಎಲ್ಲ ಹೇಳಿ ಮುಗಿಸಿದ ಮೇಲೆ 'ಈಗ ನಾನು ಏನು ಹೇಳಿದೆ ಅಂತ ನೀವು ನನಗೆ ಹೇಳಿ' ಅಂತ ಕೇಳುತ್ತೇನೆ. ಹತ್ತರಲ್ಲಿ ನಾಲ್ಕು ಸಲ 'ನೀವು ನಮಗೆ ಔಷಧಿ ಕೊಡ್ತೀರಿ' ಅನ್ನುವ ಉತ್ತರ ಬರುತ್ತದೆ. ಚಿಕಿತ್ಸೆ ಬೇರೆ, ಅಧ್ಯಯನ ಬೇರೆ ಅನ್ನುವುದು ಅವರಿಗೆ ತಲುಪಿಲ್ಲ ಅಂತ ಅರ್ಥ. ಮತ್ತೆ ಮೊದಲಿಂದ ಹೇಳಬೇಕು. ಬೇಸರ ಬೇಡ.

ನೀವು ಆಸ್ಪತ್ರೆಯ ಮನುಷ್ಯರಾದ್ದರಿಂದ ನಿಮಗೆ 'ಆಗಲ್ಲ' ಅನ್ನಲು ಜನ ಹೆದರುತ್ತಾರೆ. ಒಲ್ಲೆ ಅಂದರೆ ನಾಳೆ ಚೀಟಿ ಕೊಡುವುದಿಲ್ಲವೇನೋ ಅನ್ನುವ ಭಯ. ಶಾಲೆಯಲ್ಲಾದರೆ ಮೇಷ್ಟ್ರು ಎದುರಿಗೆ ನಿಂತಿದ್ದರೆ ಯಾವ ಮಗು ಬೇಡ ಅಂದೀತು? ಹಾಗಾಗಿ ಕೇಳುವ ಕೆಲಸ ಬೇರೆಯವರಿಂದ ಮಾಡಿಸಿ. ಇಷ್ಟೂ ಶುರುವಾಗುವ ಮೊದಲು ನೈತಿಕ ಸಮಿತಿಯ ಅನುಮತಿ ಬೇಕು. ನಿಮ್ಮ ಆಸ್ಪತ್ರೆಯಲ್ಲಿ ಸಮಿತಿ ಇಲ್ಲದಿದ್ದರೆ ಹತ್ತಿರದ ಮೆಡಿಕಲ್ ಕಾಲೇಜಿನದ್ದನ್ನು ಕೇಳಿ. ಸೋಂಕು ಸಿಕ್ಕವರಿಗೆ ಔಷಧ ಎಲ್ಲಿಂದ, ಯಾವ ದಿನ ಅನ್ನುವುದು ಮೊದಲೇ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಸ್ಯಾಂಪಲ್ಲೇ ತೆಗೆಯಬೇಡಿ.

ಸ್ಯಾಂಪಲ್ಲು ಹೊರಗೆ ಕಳಿಸುವ ಪ್ರಸಂಗವೂ ಬರಬಹುದು. ಪಿಸಿಆರ್ ನಿಮ್ಮಲ್ಲೇ ಇರಬೇಕಾಗಿಲ್ಲ. ಫಿಲ್ಟರ್ ಕಾಗದದ ಮೇಲೆ ರಕ್ತದ ಚುಕ್ಕೆ ಒಣಗಿಸಿ ಸಿಲಿಕಾ ಜೆಲ್ ಜತೆ ಮುಚ್ಚಿಟ್ಟರೆ, ಮಲವನ್ನು ಎಥನಾಲ್‌ನಲ್ಲಿ ಇಟ್ಟರೆ, ದೊಡ್ಡ ಲ್ಯಾಬಿಗೆ ಕಳಿಸಬಹುದು. ಕಳಿಸುವ ಮೊದಲು ಕಾಗದದ ಮೇಲೆ ಬರೆಸಿಕೊಳ್ಳಿ: ಸ್ಯಾಂಪಲ್ಲು ಯಾರದ್ದು, ಯಾವ ಟೆಸ್ಟಿಗೆ ಮಾತ್ರ, ಮಿಕ್ಕಿದ್ದನ್ನು ಏನು ಮಾಡುತ್ತಾರೆ, ಪ್ರಬಂಧದಲ್ಲಿ ಯಾರ ಹೆಸರು ಎಲ್ಲಿ ಬರುತ್ತದೆ. ಹೊರಗಿನಿಂದ ಬಂದು ರಕ್ತ ತೆಗೆದುಕೊಂಡು ಮಾಯವಾಗುವವರ ಕಾಟ ತಡೆಯಲಾರದೆ ದಕ್ಷಿಣ ಆಫ್ರಿಕಾದ ಸಾನ್ ಜನ 2017ರಲ್ಲಿ ತಮ್ಮದೇ ಸಂಶೋಧನಾ ಸಂಹಿತೆ ಹೊರಡಿಸಿದರು. ತಮ್ಮ ಮೇಲೆ ನಡೆದ ಸಂಶೋಧನೆಯ ಫಲಿತಾಂಶ ತಮಗೂ ತಿಳಿಯಬೇಕು ಅನ್ನುವುದು ಅವರ ಒತ್ತಾಯಗಳಲ್ಲಿ ಒಂದು. ಎಷ್ಟು ಸಣ್ಣ ಬೇಡಿಕೆ ನೋಡಿ.

ನಿಮ್ಮ ದಾಖಲೆಗಳನ್ನು ಎರಡು ಕಡೆ ಇಡಿ. ಇದು ಸುಮ್ನೆ ಹೇಳುವ ಬುದ್ಧಿಮಾತಲ್ಲ. ಮೈಸಿಟೋಮಾ ಅನ್ನುವುದು ಕಾಲನ್ನು ಗಂಟುಗಂಟಾಗಿ ಊದಿಸಿ ಕೊನೆಗೆ ಕತ್ತರಿಸುವ ಸ್ಥಿತಿಗೆ ತರುವ ಕಾಯಿಲೆ. ಅದಕ್ಕಾಗಿ ಸುಡಾನಿನ ಖಾರ್ಟೂಮಿನಲ್ಲಿ 1991ರಿಂದ ಒಂದು ಸಂಶೋಧನಾ ಕೇಂದ್ರ ನಡೆಯುತ್ತಿತ್ತು. ಈ ಕಾಯಿಲೆಗೆ ದಿನವೂ ನುಂಗುವ ಮಾತ್ರೆಯ ಬದಲು ವಾರಕ್ಕೊಮ್ಮೆ ನುಂಗುವ ಮಾತ್ರೆ ಸಾಕಾಗುತ್ತದಾ ಅಂತ ನೋಡಿದ ಪ್ರಯೋಗ ನಡೆದದ್ದು ಅಲ್ಲೇ. 2023ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾಯಿತು. ಕೇಂದ್ರ ನಾಶವಾಯಿತು, ದಶಕಗಳಿಂದ ಕೂಡಿಸಿದ್ದ ಮಾದರಿಗಳು ಹೋದವು. ಇನ್ನು ದುಡ್ಡಿನ ಮಾತು: 2006ರಿಂದ ಈ ಕಾಯಿಲೆಗಳಿಗೆ ಬರುತ್ತಿದ್ದ ಅಮೆರಿಕ ಸರ್ಕಾರದ ನೆರವು 2025ರಲ್ಲಿ ನಿಂತಿತು, ಎಷ್ಟೋ ಸರ್ವೆಗಳು ಅರ್ಧದಲ್ಲೇ ಉಳಿದವು. ಹೊರಗಿನ ಹಣ ನಿಂತರೂ ಮುಂದುವರಿಯಬಲ್ಲ ಸಣ್ಣ ಪ್ರಶ್ನೆ ಆರಿಸಿಕೊಳ್ಳಿ ಅಂತ ನಾನು ಹೇಳುವುದು ಅದಕ್ಕೇ.

ಹಾಗಾದರೆ ಸೋಮವಾರ ಏನು ಮಾಡುತ್ತೀರಿ?

ಲ್ಯಾಬಿನ ಹಳೆಯ ರಿಜಿಸ್ಟರ್ ತೆಗೆಯಿರಿ. ಹಿಂದಿನ ಮೂರು ವರ್ಷ ಸಾಕು. ಎಷ್ಟು ಮಲ ಪರೀಕ್ಷೆ, ಎಷ್ಟು ಪಾಸಿಟಿವ್, ಯಾವ ತಿಂಗಳು, ಯಾವ ಊರಿಂದ, ಪಾಸಿಟಿವ್ ಬಂದವರಲ್ಲಿ ಔಷಧ ತೆಗೆದುಕೊಂಡವರು ಎಷ್ಟು. ಹೆಸರು ಬಿಟ್ಟು ಉಳಿದದ್ದನ್ನು ಪಟ್ಟಿ ಮಾಡಿ. ಇದಕ್ಕೂ ಅನುಮತಿ ಬೇಕು, ಮರೆಯಬೇಡಿ. ನನ್ನ ಅನುಭವದಲ್ಲಿ ಖಾಲಿ ಬಿಟ್ಟ ಕಾಲಂಗಳೇ ಜಾಸ್ತಿ ಮಾತಾಡುತ್ತವೆ. ಹೀಗೆ ಇರುವ ದಾಖಲೆಯಿಂದಲೇ ಸಂಶೋಧನೆ ಮಾಡುವುದನ್ನು ಕಲಿಸಲು 'ಸಾರ್ಟ್ ಇಟ್' ಅನ್ನುವ ತರಬೇತಿ ಇದೆ. ಅದನ್ನು ನೋಡಿಕೊಳ್ಳುವ ಟಿಡಿಆರ್, ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ 1975ರಲ್ಲಿ ಶುರುವಾದ ಕಾರ್ಯಕ್ರಮ. ಓದಲು 'ಪ್ಲಾಸ್ ನೆಗ್ಲೆಕ್ಟೆಡ್ ಟ್ರಾಪಿಕಲ್ ಡಿಸೀಸಸ್' ಪತ್ರಿಕೆ 2007ರಿಂದ ಎಲ್ಲರಿಗೂ ಪುಕ್ಕಟೆ ತೆರೆದಿದೆ. ದುಡ್ಡು ತೆಗೆದುಕೊಂಡು ಎರಡು ವಾರದಲ್ಲಿ ಅಚ್ಚು ಹಾಕುತ್ತೇವೆ ಅಂತ ಇಮೇಲ್ ಕಳಿಸುವ ಪತ್ರಿಕೆಗಳಿಗೆ ಮಾತ್ರ ಮರುಳಾಗಬೇಡಿ.

ಆಮೇಲೆ ನಿಮ್ಮ ಕಣ್ಣನ್ನೇ ಪರೀಕ್ಷೆ ಮಾಡಿ. 2012ರಿಂದ 2016ರವರೆಗೆ 29 ದೇಶಗಳಲ್ಲಿ 26 ಲಕ್ಷ ಜನರ ರೆಪ್ಪೆ ಮಗುಚಿ ಟ್ರಕೋಮಾ ನಕ್ಷೆ ಮಾಡಿದರು. ಬೇಕಾದ ಸಾಮಾನು ಭೂತಗನ್ನಡಿ, ಬೆಳಕು, ಒಂದು ಫೋನು. ಆದರೆ ಸರ್ವೆಗೆ ಇಳಿಯುವ ಮೊದಲು ಪ್ರತಿಯೊಬ್ಬ ಪರೀಕ್ಷಕನೂ 50 ಮಕ್ಕಳ ಕಣ್ಣು ನೋಡಿ, ತನ್ನ ಉತ್ತರ ತರಬೇತುದಾರರ ಉತ್ತರಕ್ಕೆ ಹೊಂದುತ್ತದೆ ಅಂತ ತೋರಿಸಬೇಕಿತ್ತು. ಹೊಂದದಿದ್ದವರು ಮನೆಗೆ. ನೀವೂ 50 ಸ್ಲೈಡು ಮಾಡಿ. ನೀವೊಮ್ಮೆ ಎಣಿಸಿ, ನಿಮ್ಮ ಸಹೋದ್ಯೋಗಿ ಒಮ್ಮೆ ಎಣಿಸಲಿ, ಒಬ್ಬರ ಅಂಕಿ ಇನ್ನೊಬ್ಬರಿಗೆ ಕಾಣದ ಹಾಗೆ. ಸ್ಲೈಡು ಮಾಡಿದ ಹೊತ್ತು, ಓದಿದ ಹೊತ್ತು ಎರಡನ್ನೂ ಪಕ್ಕದಲ್ಲಿ ಬರೆಯಿರಿ. ಎರಡು ಕಾಲಂ ಅಂಕಿಗಳನ್ನು ನನಗೆ ಕಳಿಸಿ. ಎಲ್ಲಿ ಎಷ್ಟು ಬೇರೆ ಬಂದಿದೆ ಅಂತ ಕೂತು ನೋಡೋಣ, ಮುಂದಿನ ಪ್ರಶ್ನೆ ಯಾವುದು ಅಂತ ಅಲ್ಲಿಂದ ತೀರ್ಮಾನ ಮಾಡೋಣ.